ನಾನು ಹಾಕಿದ ಸೊನ್ನೆ

ನನ್ನ ಕೆಲಸ ಕೋಡಿಂಗ್ ಅಂದರೆ ಊರಲ್ಲಿ ಎಲ್ಲರೂ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ನಾನೂ ತಿದ್ದುವುದಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಅಷ್ಟೆಲ್ಲ ಬಿಡಿಸಿ ಹೇಳುವುದಕ್ಕೆ ಆಗಲ್ಲ. ಅಸಲಿಗೆ ನಾನು ಇರುವುದು ಅಮೆರಿಕದ ಒಂದು ಯೂನಿವರ್ಸಿಟಿಯ ಶಿಕ್ಷಣ ವಿಭಾಗದಲ್ಲಿ. ಜನಾಂಗ, ಬಡತನ, ಮನೆಯ ನಡೆನುಡಿ ಇವೆಲ್ಲ ಶಾಲೆಯೊಳಗೆ ಏನು ಮಾಡುತ್ತವೆ ಅಂತ ನೋಡುವ ತಂಡ ನಮ್ಮದು. ಪ್ರೊಫೆಸರುಗಳು ಪೇಪರ್ ಬರೆಯುತ್ತಾರೆ. ನಾನು ಹೆಡ್‌ಫೋನ್ ಹಾಕಿಕೊಂಡು ಕ್ಲಾಸಿನ ವಿಡಿಯೋ ನೋಡುತ್ತೇನೆ. ಟೀಚರ್ ಕೇಳುವ ಒಂದೊಂದು ಪ್ರಶ್ನೆಗೂ ಎಕ್ಸೆಲ್‌ನಲ್ಲಿ ಒಂದು ಸಾಲು. ಮಗು ಉತ್ತರ ಕೊಟ್ಟರೆ 1, ಕೊಡದಿದ್ದರೆ 0. ಇದೇ ಕೋಡಿಂಗ್.

ಒಂದೇ ವಿಡಿಯೋವನ್ನು ಇಬ್ಬರು ಬೇರೆ ಬೇರೆ ಕೂತು ಕೋಡ್ ಮಾಡಬೇಕು. ಆಮೇಲೆ ಎರಡನ್ನೂ ತಾಳೆ ನೋಡುತ್ತಾರೆ. ಅದಕ್ಕೆ ಕಪ್ಪಾ ಅಂತ ಒಂದು ಅಂಕಿ ಇದೆ. 1 ಬಂದರೆ ಪೂರ್ತಿ ತಾಳೆ. 0 ಬಂದರೆ ಕಣ್ಣು ಮುಚ್ಚಿಕೊಂಡು ಹಾಕಿದ್ದರೂ ಅಷ್ಟೇ ಆಗುತ್ತಿತ್ತು ಅಂತ ಅರ್ಥ. ನಮ್ಮ ತಂಡದಲ್ಲಿ 0.7 ದಾಟಲೇಬೇಕು. ನನಗೆ ಜೊತೆಯಾಗಿ ಸಿಕ್ಕವರು ಸೌತ್ ಕ್ಯಾರೊಲಿನಾದ ಆಫ್ರಿಕನ್ ಅಮೆರಿಕನ್ ಮೇಡಂ, 15 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ಬಂದವರು. ಮೊದಲ ತಿಂಗಳು ನಮ್ಮಿಬ್ಬರ ಕಪ್ಪಾ 0.41.

ನನಗೆ ಅವರ ಮೇಲೆ ಒಳಗೊಳಗೇ ಸಿಟ್ಟು. ಇಲ್ಲದ ಉತ್ತರಕ್ಕೂ 1 ಹಾಕುತ್ತಾರೆ, ಮಕ್ಕಳ ಮೇಲೆ ಮಮತೆ ಜಾಸ್ತಿ ಅಂದುಕೊಂಡೆ. ಗುರುವಾರದ ಮೀಟಿಂಗಿನಲ್ಲಿ ಇದನ್ನೇ ಸ್ವಲ್ಪ ನಯವಾಗಿ ಹೇಳಿದೆ ಕೂಡ. ಅವರು ವಾದಕ್ಕೆ ಬರಲಿಲ್ಲ. ಒಂದು ಕ್ಲಿಪ್ ತೆಗೆದು, ತಮ್ಮ ಹೆಡ್‌ಫೋನ್ ಬಿಚ್ಚಿ ನನ್ನ ಕೈಗಿಟ್ಟರು.

ಒಂದನೇ ಕ್ಲಾಸು. ಟೀಚರ್ ಬಿಳಿಯವರು. ಕೈಯಲ್ಲಿ ಚಿತ್ರದ ಕಾರ್ಡು, ಅದರಲ್ಲಿ ಗಿಡಕ್ಕೆ ನೀರು ಹಾಕುವ ಕ್ಯಾನು. ‘ಇದೇನು?’ ಅಂತ ಒಬ್ಬ ಕಪ್ಪು ಹುಡುಗಿಯನ್ನು ಕೇಳುತ್ತಾರೆ. ಅವಳು ಕಾರ್ಡು ನೋಡುತ್ತಾಳೆ, ಟೀಚರ್ ಮುಖ ನೋಡುತ್ತಾಳೆ. ಅಷ್ಟರಲ್ಲಿ ಕಾರ್ಡು ಪಕ್ಕದ ಸಾಲಿನ ಹುಡುಗನ ಕಡೆ ತಿರುಗಿರುತ್ತದೆ. ನಾನು ಅಲ್ಲಿಗೇ ವಿಡಿಯೋ ನಿಲ್ಲಿಸಿ 0 ಹಾಕಿದ್ದೆ. ಮೇಡಂ ನಿಲ್ಲಿಸಿರಲಿಲ್ಲ. ಹುಡುಗ ಉತ್ತರ ಹೇಳುತ್ತಿರುವಾಗ, ಅವನ ದನಿಯ ಅಡಿಯಲ್ಲಿ ಅವಳು ಪಕ್ಕದ ಗೆಳತಿಯ ಕಿವಿಗೆ ಬಗ್ಗಿ ಹೇಳುತ್ತಾಳೆ: ಆನೆ ಸೊಂಡಿಲು ಎತ್ತಿಕೊಂಡು ನಿಂತ ಹಾಗಿದೆ.

ಮೂರು ಸಲ ಕೇಳಿದೆ. ಹೌದು, ಅದೇ.

‘ನಮ್ಮ ಮನೆಗಳಲ್ಲಿ ಇದೇನು ಅಂತ ಮಕ್ಕಳನ್ನ ಯಾರು ಕೇಳ್ತಾರೆ? ಕೇಳೋರಿಗೇ ಗೊತ್ತಿರುತ್ತಲ್ಲ. ಇದು ಯಾವುದರ ಥರ ಇದೆ ಅಂತ ಕೇಳ್ತಾರೆ’ ಅಂದರು ಮೇಡಂ. ಆಮೇಲೆ ಓದಿದೆ. ಶರ್ಲಿ ಬ್ರೈಸ್ ಹೀತ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ ಕ್ಯಾರೊಲಿನಾದ ಗಿರಣಿ ಕಾರ್ಮಿಕರ ಕೇರಿಗಳಲ್ಲಿ ವರ್ಷಗಟ್ಟಲೆ ಓಡಾಡಿ ಕಂಡದ್ದೂ ಇದನ್ನೇ. ಅಲ್ಲಿನ ಕಪ್ಪು ಕುಟುಂಬಗಳಲ್ಲಿ ಉತ್ತರ ಗೊತ್ತಿದ್ದೂ ಮಗುವನ್ನು ಪರೀಕ್ಷಿಸುವ ಪ್ರಶ್ನೆ ತೀರಾ ಕಮ್ಮಿ. ಶಾಲೆಯಲ್ಲಿ ನೋಡಿದರೆ ಬರೀ ಅಂಥವೇ. ಟೀಚರುಗಳು ಹೀತ್ ಜೊತೆ ಸೇರಿ, ಊರಿನದೇ ಫೋಟೋ ಇಟ್ಟು, ಇಲ್ಲಿ ಏನು ನಡೀತಿದೆ, ಇದು ಯಾವುದರ ಹಾಗಿದೆ ಅಂತ ಕೇಳಲು ಶುರು ಮಾಡಿದಾಗ ಮಕ್ಕಳ ಬಾಯಿ ಬಿಚ್ಚಿತು.

ಉತ್ತರ ಗೊತ್ತಿದ್ದೇ ಕೇಳುವುದು ನಮ್ಮಲ್ಲೂ ಇದೆ ಬಿಡಿ. ಬಸ್ ಸ್ಟಾಪಲ್ಲಿ ಬ್ಯಾಗ್ ಹಿಡಿದು ನಿಂತವರನ್ನು ‘ಏನು, ಬಸ್ಸಿಗೆ ಕಾಯ್ತಿದೀರಾ?’ ಅನ್ನಲ್ವಾ? ಅದಕ್ಕೆ ಯಾರೂ ಮಾರ್ಕ್ಸ್ ಹಾಕಲ್ಲ, ಅಷ್ಟೇ.

ಮೂರನೇ ಕ್ಲಾಸಲ್ಲಿ ಮೇಷ್ಟ್ರು ಎಬ್ಬಿಸಿದರೆ ನನಗೂ ಮಾತು ಹೊರಡುತ್ತಿರಲಿಲ್ಲ. ‘ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೋ?’ ಅನ್ನೋರು. ಕೂತ ತಕ್ಷಣ ಉತ್ತರ ತಾನಾಗಿ ನೆನಪಾಗುತ್ತಿತ್ತು. ಹಾಗಂತ ನನ್ನದನ್ನು ಆ ಹುಡುಗಿಯದಕ್ಕೆ ಸಮ ಅನ್ನಲಾರೆ. ಮೇಷ್ಟ್ರಿಗೆ ನಾನು ಯಾರ ಮನೆಯ ಹುಡುಗ ಅಂತ ಗೊತ್ತಿತ್ತು. ಬೈದು, ಮಾರನೇ ದಿನ ಮತ್ತೆ ಎಬ್ಬಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಕೇರಿಯ ಹುಡುಗರನ್ನು ಅವರು ಎಬ್ಬಿಸಿದ್ದೇ ನನಗೆ ನೆನಪಿಲ್ಲ.

ಎರಡನೇ ತಪ್ಪು ಮಾಡಿದ್ದು ಇದಾದ ಮೇಲೆ. ಹೊಸದಾಗಿ ಮಾಲೆ ಹಾಕಿದವರ ಉತ್ಸಾಹ ನನ್ನದು. ಮುಂದಿನ ಗುರುವಾರ ಎಕ್ಸೆಲ್‌ಗೆ ಇನ್ನೊಂದು ಕಾಲಂ ಸೇರಿಸಿಕೊಂಡು ಹೋದೆ: ‘ಸಾಂಸ್ಕೃತಿಕ ಮೌನ’. ಆಧಾರವನ್ನೂ ಹುಡುಕಿಟ್ಟಿದ್ದೆ. ಒರೆಗಾನ್‌ನ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಸೂಸನ್ ಫಿಲಿಪ್ಸ್ ಎಂಬ ಸಂಶೋಧಕಿ ಮೂಲನಿವಾಸಿ ಮಕ್ಕಳನ್ನು ನೋಡಿ 1972ರಲ್ಲಿ ಬರೆದಿದ್ದರು. ಎಲ್ಲರ ಮುಂದೆ ಒಬ್ಬರನ್ನೇ ಕೇಳಿದರೆ ಆ ಮಕ್ಕಳು ಸುಮ್ಮನಿರುತ್ತಾರೆ, ಗುಂಪು ಮಾಡಿ ಬಿಟ್ಟರೆ ಚೆನ್ನಾಗಿ ಮಾತಾಡುತ್ತಾರೆ ಅಂತ.

ಮೇಡಂ ನಕ್ಕರು. ‘ಅವಳು ಸುಮ್ಮನಿದ್ದಳು ಅಂತ ಯಾರು ಹೇಳಿದ್ದು? ಮಾತಾಡಿದಳಲ್ಲ. ಅವಳಿಗೊಂದು ಕಾಲಂ ಮಾಡೋ ಮೊದಲು ಟೀಚರಿಗೊಂದು ಮಾಡು. ಎಷ್ಟು ಹೊತ್ತು ಕಾದರು ಅಂತ ಬರಿ.’

ಇದನ್ನೂ ಅಳೆದವರಿದ್ದಾರೆ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ಟೇಪ್ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುವುದು ಸರಾಸರಿ 1 ಸೆಕೆಂಡ್. ದಡ್ಡರು ಅಂತ ತಾವೇ ತೀರ್ಮಾನ ಮಾಡಿದ ಮಕ್ಕಳಿಗೆ ಇನ್ನೂ ಕಮ್ಮಿ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಯಾವತ್ತೂ ಕೈ ಎತ್ತದವರು ಎತ್ತುತ್ತಾರೆ. ಇಷ್ಟು ಸಣ್ಣ ವಿಷಯ. ನಾನು ಎರಡು ವರ್ಷ ಇದೇ ಕೆಲಸದಲ್ಲಿದ್ದೂ ಗಡಿಯಾರವನ್ನು ಮಗುವಿನ ಕಡೆಗೇ ಹಿಡಿದಿದ್ದೆ.

ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಎಂಬ ವಿದ್ವಾಂಸೆ 2006ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕರ ಸಂಘದ ಅಧ್ಯಕ್ಷೀಯ ಭಾಷಣದಲ್ಲಿ, ಬಿಳಿ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಮಾರ್ಕ್ಸಿನಲ್ಲಿರುವ ‘ಅಂತರ’ ಅನ್ನೋದರ ಬದಲು ‘ಸಾಲ’ ಅನ್ನೋಣ ಎಂದಿದ್ದರು. ಅಂತರ ಅಂದಾಗ ಮಗು ಹಿಂದೆ ಬಿದ್ದ ಹಾಗೆ ಕೇಳುತ್ತದೆ. ಸಾಲ ಅಂದರೆ ಕೊಡಬೇಕಾದವರು ಬಾಕಿ ಇಟ್ಟಿದ್ದಾರೆ ಅಂತ. ನನಗೆ ಇದು ಬರೀ ಭಾಷಣವಾಗಿಯೇ ಇತ್ತು. ನನ್ನ ಎಕ್ಸೆಲ್‌ನಲ್ಲಿ ಬಾಕಿಯನ್ನೆಲ್ಲ ಮಗುವಿನ ಹೆಸರಿಗೇ ಬರೆದಿದ್ದು ಕಣ್ಣಿಗೆ ಬಿದ್ದ ಮೇಲೆ ಅರ್ಥವಾಯಿತು.

ಹಳೆಯ ಕ್ಲಿಪ್‌ಗಳನ್ನೆಲ್ಲ ಮೊದಲಿಂದ ಮಾಡಿದೆವು. ಏಳು ವಾರ ಹಿಡಿಯಿತು, ಪ್ರೊಫೆಸರಿಗೆ ಖುಷಿಯೇನೂ ಆಗಲಿಲ್ಲ. ಕಪ್ಪಾ 0.76ಕ್ಕೆ ಬಂತು. ಆ ಹುಡುಗಿಯ ಸಾಲಿನಲ್ಲಿ ಈಗ ಹೀಗಿದೆ: ಟೀಚರ್ ಕಾದದ್ದು 0.8 ಸೆಕೆಂಡ್. ಉತ್ತರ 2.4ನೇ ಸೆಕೆಂಡಿಗೆ. ಯಾರಿಗೆ: ಗೆಳತಿಗೆ.