ಹೆಡ್‌ಫೋನಿನಲ್ಲಿ ಕೇಳಿದ ಹಸು

ರಾತ್ರಿ ಹನ್ನೊಂದು ದಾಟಿತ್ತು. ಹೆಡ್‌ಫೋನ್ ಹಾಕಿಕೊಂಡು ಎಡಿಟಿಂಗ್ ಮಾಡುತ್ತಾ ಕೂತಿದ್ದೆ. ಪರದೆಯ ಮೇಲೆ ಒಬ್ಬ ಹೆಂಗಸಿನ ಮೊಣಕಾಲು. ಅದರ ಕೆಳಗೆ ಕಾಲಿಲ್ಲ. ಅವರು ಕಾಂಬೋಡಿಯಾದ ಖ್ಮೇರ್ ಭಾಷೆಯಲ್ಲಿ ಮಾತಾಡುತ್ತಿದ್ದರು. ನನಗೆ ಆ ಭಾಷೆ ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಮಾತ್ರ ಬರುತ್ತದೆ. ಆದರೂ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ‘ಕೋ’. ಹಿಂದಕ್ಕೆ ಹೋಗಿ ಎಣಿಸಿದೆ. ನಾಲ್ಕು ನಿಮಿಷದಲ್ಲಿ ಹದಿನೇಳು ಸಲ.

ಖ್ಮೇರ್‌ನಲ್ಲಿ ಕೋ ಅಂದರೆ ಹಸು. ನಮ್ಮ ‘ಗೋವು’ ಬಂದಿರುವ ಸಂಸ್ಕೃತದ ಬೇರಿನಿಂದಲೇ ಅದೂ ಬಂದಿದೆ. ಆದರೆ ದುಭಾಷಿ ಬರೆದುಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟೇ: ‘ನೆಲಬಾಂಬ್ ತುಳಿದು ಕಾಲು ಹೋಯಿತು. ಈಗ ಸಹಾಯ ಸಿಕ್ಕಿದೆ. ಸಂತೋಷವಾಗಿದೆ.’ ಹಸು ಎಲ್ಲಿ ಹೋಯಿತು?

ಸಿಂಗಪುರದ ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ ಕಾಂಬೋಡಿಯಾದ ಸಿಯಂ ರೀಪ್‌ಗೆ ಬಂದು ನೆಲೆಸಿದೆವು. ಮನೆಯಿಂದ ಅಂಕೋರ್ ವಾಟ್‌ಗೆ ಸೈಕಲ್ಲಿನಲ್ಲೇ ಹೋಗಬಹುದು. ಮೊದಲು ದೇವಸ್ಥಾನಗಳನ್ನು ಶೂಟ್ ಮಾಡುತ್ತಿದ್ದೆ. ಆಮೇಲೆ ಜನರನ್ನು. ಇಲ್ಲಿನ ಸಣ್ಣ ಸೇವಾ ಸಂಸ್ಥೆಗಳಿಗೆ ವಿಡಿಯೋ ಬೇಕಾಗುತ್ತದೆ, ಮಾಡಿಸಲು ದುಡ್ಡಿರುವುದಿಲ್ಲ. ನನ್ನ ಹತ್ತಿರ ಕ್ಯಾಮೆರಾ ಇತ್ತು, ಸಮಯ ಇತ್ತು.

ಆ ವಾರ ಹೋಗಿದ್ದು ಬಟ್ಟಂಬಾಂಗ್ ಕಡೆಗೆ. ಸಿಯಂ ರೀಪ್‌ನಿಂದ ಸುಮಾರು 170 ಕಿಲೋಮೀಟರ್. ದಶಕಗಳ ಯುದ್ಧದಲ್ಲಿ ಎಲ್ಲ ಪಕ್ಷದವರೂ ಥಾಯ್ ಗಡಿಯ ಈ ಸೀಮೆಯಲ್ಲಿ ಬಾಂಬ್ ಹೂತರು. 1979ರಿಂದ ಈಚೆಗೆ ಈ ದೇಶದಲ್ಲಿ ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಂದ ಹತ್ತಿರ ಹತ್ತಿರ 20,000 ಜನ ಸತ್ತಿದ್ದಾರೆ. ಗಾಯಗೊಂಡವರು, ಕೈಕಾಲು ಕಳೆದುಕೊಂಡವರು ಸುಮಾರು 45,000. ಹೆಚ್ಚು ಪೆಟ್ಟು ತಿಂದ ತಾಲ್ಲೂಕುಗಳಲ್ಲಿ ಒಂದರ ಹೆಸರು ರತನಕ್ ಮೊಂಡುಲ್. ಅಂದರೆ ರತ್ನಮಂಡಲ. ಆ ಹೆಸರು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೆಳಗ್ಗೆ ಕೃತಕ ಕಾಲು ತಯಾರಿಸುವ ಕಡೆ ಶೂಟಿಂಗ್. ಅಲ್ಲಿ ನಾನು ಮೈಮರೆತೆ. ಮೊದಲು ಉಳಿದ ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಗಟ್ಟಿಯಾದ ಮೇಲೆ ಅದನ್ನು ಕಳಚಿ, ಒಳಗೆ ಮತ್ತೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿರೂಪ ತೆಗೆಯುತ್ತಾರೆ. ಎಲ್ಲಿ ಭಾರ ಬೀಳಬೇಕು, ಎಲ್ಲಿ ಬೀಳಬಾರದು ಎಂದು ನೋಡಿ ನೋಡಿ ಅದನ್ನು ಕೈಯಲ್ಲೇ ತಿದ್ದುತ್ತಾರೆ. ಆಮೇಲೆ ಪಾಲಿಪ್ರೊಪಿಲೀನ್ ಹಾಳೆಯನ್ನು ಒಲೆಯಲ್ಲಿ ಕಾಯಿಸಿ, ಮೆತ್ತಗಾದಾಗ ಅದರ ಮೇಲೆ ಹೊದಿಸಿ, ಪಂಪಿನಿಂದ ಗಾಳಿ ಎಳೆಯುತ್ತಾರೆ. ಹಾಳೆ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ. ಇದೇ ಪ್ಲಾಸ್ಟಿಕ್ಕಿನಲ್ಲಿ ನಾನು ವರ್ಷಗಟ್ಟಲೆ ಡಬ್ಬಿ, ಮುಚ್ಚಳ ಮಾಡಿಸಿದ್ದೆ. ಅದರಿಂದ ಒಬ್ಬ ಮನುಷ್ಯ ಎದ್ದು ನಡೆಯುವುದನ್ನು ಅವತ್ತೇ ಮೊದಲು ನೋಡಿದ್ದು.

ಮಧ್ಯಾಹ್ನ ಆ ಹೆಂಗಸಿನ ಸಂದರ್ಶನ. ಊರಿನವರು ಅವರನ್ನು ‘ಮಿಂಗ್’ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಫ್ಯಾನ್ ಆರಿಸಿದೆ, ಕಾಲರ್ ಮೈಕ್ ಸಿಕ್ಕಿಸಿದೆ. ಅವರು ಮಾತು ಶುರು ಮಾಡಿದ ಒಂದು ನಿಮಿಷಕ್ಕೆ ನಾನು ಕ್ಯಾಮೆರಾವನ್ನು ಮುಖದಿಂದ ಕೆಳಗಿಳಿಸಿ ಕಾಲಿನ ಮೇಲೆ ನಿಲ್ಲಿಸಿದೆ. ದಾನಿಗಳಿಗೆ ಇದು ಕಾಣಬೇಕು ಎಂದು ವಿಡಿಯೋ ಮಾಡಿಸುವವರು ಮೊದಲೇ ಹೇಳಿದ್ದರು. ನನಗೂ ಸರಿ ಅನ್ನಿಸಿತ್ತು. ಅದು ನನ್ನ ತಪ್ಪು.

ಮರುದಿನ ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆದು ಹೆಡ್‌ಫೋನ್ ಕೊಟ್ಟೆ. ಅವಳು ಒಂದೊಂದೇ ವಾಕ್ಯ ಬಿಡಿಸಿ ಹೇಳುತ್ತಾ ಹೋದಳು. ನಾನು ಬರೆದುಕೊಂಡೆ.

1996. ಮಳೆ ನಿಂತ ಸಂಜೆ. ಹಗ್ಗ ಬಿಚ್ಚಿಕೊಂಡು ಹಸು ಗದ್ದೆಯ ಬದು ದಾಟಿ ಹೋಯಿತು. ಗಬ್ಬದ ಹಸು. ಹತ್ತೊಂಬತ್ತರ ಹುಡುಗಿ ಹಿಂದೆ ಓಡಿದಳು. ಸಿಡಿಯಿತು. ಹಸು ಓಡಿಹೋಗಲಿಲ್ಲ. ಅಲ್ಲೇ ನಿಂತು ಅಂಬಾ ಎಂದು ಕೂಗುತ್ತಲೇ ಇತ್ತು. ಆ ಕೂಗು ಕೇಳಿಯೇ ಅಪ್ಪನಿಗೆ ಮಗಳು ಎಲ್ಲಿದ್ದಾಳೆ ಅಂತ ಗೊತ್ತಾಗಿದ್ದು. ಆಮೇಲೆ ಆಸ್ಪತ್ರೆ ಖರ್ಚಿಗೆ ಆ ಹಸುವನ್ನೇ ಮಾರಿದರು. ‘ನಾನು ಮನೆಗೆ ಬಂದಾಗ ಕೊಟ್ಟಿಗೆ ಖಾಲಿ. ಕಾಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲ.’

ಹುಡುಗಿ ಹೆಡ್‌ಫೋನ್ ತೆಗೆದು ಸುಮ್ಮನೆ ಕೂತಳು. ನನಗೆ ಮಂಡ್ಯ ಹತ್ತಿರದ ನಮ್ಮೂರು, ಸಂಜೆ ಕೊಟ್ಟಿಗೆಯಲ್ಲಿ ಕೆಂದಿಯ ಕೊರಳು ತುರಿಸುತ್ತಾ ನಿಲ್ಲುತ್ತಿದ್ದ ಅಮ್ಮ ನೆನಪಾದಳು. ಎಂಥ ಮಾತು ಹೇಳಿದ್ದರು ಮಿಂಗ್! ಅದನ್ನು ಹೇಳುವಾಗ ಅವರ ಮುಖ ಹೇಗಿತ್ತು ಅಂತ ನನ್ನ ಹತ್ತಿರ ಇಲ್ಲ. ನಾಲ್ಕು ನಿಮಿಷವೂ ಬರೀ ಮೊಣಕಾಲು.

ಮತ್ತೊಮ್ಮೆ ಹೇಳಿ ಎಂದು ಕೇಳಲು ಮನಸ್ಸಾಗಲಿಲ್ಲ. ನೋವನ್ನು ಎರಡನೇ ಟೇಕ್ ಮಾಡಿಸಬಾರದು, ಅಲ್ವಾ? ಅವರ ದನಿಯನ್ನು ಇಡಿಯಾಗಿ ಉಳಿಸಿಕೊಂಡೆ. ಕಾಲಿನ ಚಿತ್ರ ಪೂರ್ತಿ ತೆಗೆದೆ. ಅದರ ಜಾಗಕ್ಕೆ ಗದ್ದೆ, ಬದು, ತಾಳೆ ಮರ, ನನ್ನ ಹಳೇ ಶಾಟ್‌ಗಳಲ್ಲಿದ್ದ ಒಂದು ಬಿಳಿ ಹಸು. ಮೂರು ನಿಮಿಷ ಬೇಕು ಅಂದಿದ್ದರು, ಐದೂವರೆ ಆಯಿತು. ಬೇರೆ ಯಾರಿಗೂ ತೋರಿಸುವ ಮೊದಲು ಮಿಂಗ್‌ಗೆ ತೋರಿಸಬೇಕು ಎಂದು ಆ ಹುಡುಗಿಯನ್ನೂ ಕರೆದುಕೊಂಡು ಹೋದೆ.

ಅಲ್ಲಿನ ಮನೆಗಳು ಕಂಬಗಳ ಮೇಲಿರುತ್ತವೆ. ಕೆಳಗೆ ನೆರಳಲ್ಲಿ ಮಂಚ. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಅಕ್ಕಪಕ್ಕದ ಮಕ್ಕಳೆಲ್ಲ ಸೇರಿದರು. ಮಿಂಗ್ ಕೊರಳಿಗೆ ಸುತ್ತಿಕೊಳ್ಳುವ ಚೌಕಳಿಯ ಕ್ರಮಾ ವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಪೂರ್ತಿ ನೋಡಿದರು. ಹಸುವಿನ ಭಾಗ ಮತ್ತೆ ಹಾಕಿ ಎಂದರು. ಹಾಕಿದೆ. ಆಮೇಲೆ ಪರದೆಗೆ ಬೆರಳಿಟ್ಟು ಏನೋ ಹೇಳಿದರು.

“ಅವರ ಹಸು ಬಿಳಿ ಅಲ್ಲವಂತೆ. ಕೆಂಪು,” ಎಂದಳು ಹುಡುಗಿ.

ಬದಲಾಯಿಸೋಣ ಎಂದೆ. ಒಬ್ಬ ಹುಡುಗ ಎದ್ದು ಓಡಿದ. ಬಿಸಿಲು ಇಳಿಯುತ್ತಿತ್ತು. ಟ್ರೈಪಾಡ್ ಬಿಡಿಸಿ ನಿಲ್ಲಿಸುವಷ್ಟರಲ್ಲಿ ಅವನು ಯಾರದೋ ಮನೆಯಿಂದ ಕೆಂಪು ಹಸುವೊಂದನ್ನು ಹೊಡೆದುಕೊಂಡು ಬಂದ. ಮಿಂಗ್ ಹೊಸ ಕಾಲು ಹಾಕಿಕೊಂಡು ಮೆಲ್ಲಗೆ ಎದ್ದರು. ಹುಡುಗನ ಕೈಯಿಂದ ಹಗ್ಗ ತೆಗೆದುಕೊಂಡರು. ಅದರ ಗಂಗೆದೊಗಲು ತುರಿಸಿದರು. ಹಸು ಕತ್ತು ಚಾಚಿ ನಿಂತಿತು.

ಈ ಸಲ ನಾನು ಕ್ಯಾಮೆರಾವನ್ನು ಅವರ ಮುಖದಿಂದ ಕದಲಿಸಲಿಲ್ಲ.