99 ರೂಪಾಯಿಯ ಕಾಂಬೊ: ನಾರು, ಬಟ್ಟೆ, ಒಂದು ಕಾಗದದ ಪಟ್ಟಿ

ರಿಯಾಯಿತಿ ದರದ ಸೂಪರ್ ಮಾರ್ಕೆಟ್‌ಗೆ ಜನ ಬರುವುದು ತಿಂಗಳ ದಿನಸಿಯಲ್ಲಿ ನಾಲ್ಕು ಕಾಸು ಉಳಿಸಲು. ಪರಿಸರದ ಹೆಸರು ಹೇಳಿ ಅವರಿಂದ ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೇಳುವ ಪ್ಯಾಕು ಶೆಲ್ಫಿನಲ್ಲೇ ಧೂಳು ತಿನ್ನುತ್ತದೆ. ಪರಿಸರಕ್ಕೆ ಒಳ್ಳೆಯದಾದ ವಸ್ತುಗಳು ದುಬಾರಿ ಅಂಗಡಿಗಳ ಮೂಲೆಯಲ್ಲಿ ಉಳಿಯದೆ ಇಂಥ ಮಳಿಗೆಗಳಿಗೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಆಗಬೇಕಾದರೆ ಕಾಂಬೊ, ಅಂದರೆ ಕೆಲವು ವಸ್ತು ಸೇರಿಸಿ ಒಂದೇ ಬೆಲೆಗೆ ಮಾರುವ ಪ್ಯಾಕು, ರೂಪಿಸುವ ಕೆಲಸ ಶೆಲ್ಫಿನ ಬೆಲೆಯಿಂದ ಶುರುವಾಗಿ ಹಿಂದಕ್ಕೆ ನಡೆಯಬೇಕು.

ಪಾತ್ರೆ ತೊಳೆಯುವ ಕಾಂಬೊ ಒಂದನ್ನೇ ತೆಗೆದುಕೊಳ್ಳೋಣ. ತೆಂಗಿನ ನಾರಿನ ಸ್ಕ್ರಬ್ಬರ್ 2, ಒಣಗಿದ ತುಪ್ಪದ ಹೀರೆಕಾಯಿಯ ನಾರು 1, ಅಡುಗೆಮನೆ ಒರೆಸಲು ಹತ್ತಿ ಬಟ್ಟೆ 2. ಮಾರಾಟದ ಬೆಲೆ 99 ರೂಪಾಯಿ ಎಂದಿಟ್ಟುಕೊಳ್ಳಿ. ಐದೂ ವಸ್ತು ಶೇ 5ರ ಜಿಎಸ್‌ಟಿಯವು ಎಂದಾದರೆ ತೆರಿಗೆ ತೆಗೆದ ಬೆಲೆ 94.29. ಮಳಿಗೆ ಅದರಲ್ಲಿ ಶೇ 20 ಮಾರ್ಜಿನ್ ಕೇಳಿದರೆ ಕಾಂಬೊ ಕಟ್ಟಿ ಕೊಡುವ ನಿಮ್ಮ ಕೈಗೆ ಬರುವುದು 75.43. ಈಗ ಇದಕ್ಕೆ ಶೇ 18ರ ದರದ, ಪಾತ್ರೆ ತೊಳೆಯುವ ಒಂದು ಸೋಪನ್ನು ಸೇರಿಸಿ ನೋಡಿ. ಬೇರೆ ಬೇರೆ ದರದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ಮಾರಿದರೆ ಜಿಎಸ್‌ಟಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅದು ಮಿಶ್ರ ಪೂರೈಕೆ. ಒಳಗಿರುವುದರಲ್ಲಿ ಅತಿ ಹೆಚ್ಚಿನ ದರ ಯಾವುದೋ ಅದೇ ಇಡೀ ಪ್ಯಾಕಿಗೆ. ತೆರಿಗೆ ತೆಗೆದ ಬೆಲೆ 83.90ಕ್ಕೆ ಇಳಿದು, ನಿಮ್ಮ ಕೈಗೆ 67.12 ಬರುತ್ತದೆ. ಎಂಟು ರೂಪಾಯಿಗೂ ಹೆಚ್ಚು ಹೋಯಿತು, ಸೋಪಿನ ಖರ್ಚು ಬೇರೆ. ಪ್ಯಾಕಿಂಗ್ ಮತ್ತು ಸಾಗಣೆಗೆ ಸೇರಿ ಹತ್ತು ಹನ್ನೊಂದು ರೂಪಾಯಿ ಇಟ್ಟುಕೊಂಡಿರುವವರಿಗೆ ಇದು ಸಣ್ಣ ಮೊತ್ತವಲ್ಲ. ಸೋಪನ್ನು ಪಕ್ಕದ ಶೆಲ್ಫಿನಲ್ಲಿ ಬಿಡಿಯಾಗಿಯೇ ಮಾರಿ. ತೆರಿಗೆ ದರ ಯಾವುದೆಂದು ತಿಳಿಸುವ, ಪ್ರತಿ ವಸ್ತುವಿನ ಎಚ್‌ಎಸ್‌ಎನ್ ಕೋಡನ್ನು ಸ್ಯಾಂಪಲ್ ಮಾಡುವ ಮೊದಲೇ ಅಕೌಂಟೆಂಟ್ ಹತ್ತಿರ ಖಚಿತ ಮಾಡಿಕೊಳ್ಳಿ.

ಇನ್ನು ಸರಕಿನ ವಿಷಯ. ತಿಪಟೂರು, ಅರಸೀಕೆರೆ ಕಡೆ ನಾರಿನ ಘಟಕಗಳಿರುವುದರಿಂದ ತೆಂಗಿನ ನಾರಿಗೆ ದೂರ ಹೋಗಬೇಕಿಲ್ಲ. ಆದರೆ ಸ್ಕ್ರಬ್ಬರ್‌ನಲ್ಲಿ ನಾರಿನ ಜೊತೆ ಏನಿದೆ ಎಂದು ಒಂದನ್ನು ಕತ್ತರಿಸಿಯೇ ನೋಡಬೇಕು. ಕೆಲವದರ ನಡುವೆ ಪ್ಲಾಸ್ಟಿಕ್ ದಾರ ಇರುತ್ತದೆ, ಕೆಲವದರಲ್ಲಿ ತಂತಿ, ಕೆಲವದಕ್ಕೆ ರಬ್ಬರ್ ಹಾಲಿನ ಅಂಟು. ತಂತಿ ಇದ್ದರೆ ನಾಲ್ಕು ದಿನದಲ್ಲಿ ತುಕ್ಕು ಹಿಡಿದು ಸಿಂಕಿನಲ್ಲಿ ಕಲೆಯಾಗುತ್ತದೆ. ಹತ್ತಿ ಬಟ್ಟೆಗೆ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಕಟಿಂಗ್ ವೇಸ್ಟ್ ಅಗ್ಗ, ಹೊಸ ಬಟ್ಟೆ ನೇಯುವುದೂ ತಪ್ಪುತ್ತದೆ. ತೊಂದರೆ ಏನೆಂದರೆ ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಪ್ರತಿ ಮೂಟೆಯಿಂದ ಐದಾರು ತುಂಡು ತೆಗೆದು ಒಂದೊಂದು ಎಳೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಗುಂಡಾದದ್ದು ನೀರನ್ನೂ ಸರಿಯಾಗಿ ಹೀರುವುದಿಲ್ಲ, ಗಿರಾಕಿ ಎರಡನೇ ಸಲ ಕೊಳ್ಳುವುದಿಲ್ಲ.

ಅತಿ ಹೆಚ್ಚು ಮಾಲು ಹಾಳಾಗುವುದು ತೇವದಿಂದ. ತೆಂಗಿನ ನಾರಿನಲ್ಲಿ ಕಂದು ಬಣ್ಣ ಬಿಡುವ ಒಗರು ಅಂಶವಿದೆ. ನಾರು ಪೂರ್ತಿ ಒಣಗದೆ ಪ್ಯಾಕಾದರೆ ಆ ಬಣ್ಣ ಪಕ್ಕದ ಬಿಳಿ ಬಟ್ಟೆಗೆ ಇಳಿದು ಕೂರುತ್ತದೆ. ಹೀರೆಕಾಯಿ ನಾರಿಗೆ ಬೂಷ್ಟು ಹಿಡಿಯುತ್ತದೆ. ಮುಟ್ಟಿ ನೋಡಿ ಒಣಗಿದೆ ಎನ್ನುವುದು ಸಾಲದು. ಹತ್ತು ಸ್ಕ್ರಬ್ಬರ್ ತೂಕ ಮಾಡಿ, ಬಿಸಿಲಿಗೆ ಹಾಕಿ, ಸಂಜೆ ಮತ್ತೆ ತೂಕ ಮಾಡಿ. ಎರಡು ತೂಕದ ನಡುವೆ ವ್ಯತ್ಯಾಸ ಇಲ್ಲವಾಗುವ ತನಕ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಗಾಳಿಯ ಡ್ರೈಯರ್ ಇಲ್ಲದೆ ಇದು ಆಗದ ಮಾತು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾಲನ್ನು ಮೇ ಒಳಗೇ ಒಣಗಿಸಿ ಇಡುವುದು ಮೇಲು. ಬಟ್ಟೆ ಬಿಳಿಯದ್ದರ ಬದಲು ಕೋರಾ ಅಥವಾ ಗಾಢ ಬಣ್ಣದ್ದಿರಲಿ. ಮೊದಲ ಬಳಕೆಗೆ ಮುಂಚೆ ಸ್ಕ್ರಬ್ಬರನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಎಂದು ಪ್ಯಾಕಿಗೆ ಸುತ್ತುವ ಕಾಗದದ ಪಟ್ಟಿಯ ಮೇಲೆ ಮುದ್ರಿಸಿದರೆ ಬಣ್ಣ ಬಿಡುತ್ತದೆಂಬ ದೂರು ಬಹಳ ಕಡಿಮೆಯಾಗುತ್ತದೆ.

ಅಂಟುವಾಳದ ಪುಡಿಯನ್ನೂ ಸೇರಿಸೋಣ ಎಂದು ಅನೇಕರಿಗೆ ಅನಿಸುತ್ತದೆ. ಬೇಡ. ಅದು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಬರಿ ಕಾಗದದ ಪೊಟ್ಟಣ ತಡೆಯುವುದಿಲ್ಲ. ತಡೆಯಲೆಂದು ಒಳಗೆ ಪ್ಲಾಸ್ಟಿಕ್ ಲೇಪನವಿರುವ ಕಾಗದ ಬಳಸಿದರೆ ಅದು ರದ್ದಿಯವನಿಗೂ ಬೇಡ, ಗೊಬ್ಬರದ ಗುಂಡಿಗೂ ಬೇಡ. ನೋಡಲು ಹಳ್ಳಿಯ ಕಾಗದದಂತಿರುವ ಈ ಲೇಪಿತ ಚೀಲಕ್ಕಿಂತ ಒಂದೇ ಬಗೆಯ ಪ್ಲಾಸ್ಟಿಕ್ಕಿನ ಸಾದಾ ಚೀಲವೇ ಎಷ್ಟೋ ಪ್ರಾಮಾಣಿಕ, ಅದನ್ನು ಮರುಬಳಕೆಗಾದರೂ ಕೊಳ್ಳುತ್ತಾರೆ.

ಹೊರಗಿನ ಕಟ್ಟಿಗೆ ಡಬ್ಬಿ ಬೇಕಿಲ್ಲ, ಅಗಲವಾದ ಕ್ರಾಫ್ಟ್ ಕಾಗದದ ಪಟ್ಟಿ ಸಾಕು. 120 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ತೆಳುವಾದರೆ ನಾರು ಉಬ್ಬಿ ಹರಿಯುತ್ತದೆ. 180ರ ಆಸುಪಾಸು ಸುರಕ್ಷಿತ. ಅಂಟಿಗೆ ಮೈದಾ ಗೋಂದು ಬಳಸಿದರೆ ಗೋದಾಮಿನಲ್ಲಿ ಜಿರಲೆ ತಿನ್ನುತ್ತವೆ, ತೇವಕ್ಕೆ ಬಿಡುತ್ತದೆ. ಪಟ್ಟಿಯ ತುದಿಯಲ್ಲೇ ಸೀಳು ಮತ್ತು ನಾಲಿಗೆ ಕತ್ತರಿಸಿ ಸಿಕ್ಕಿಸುವುದು ಉತ್ತಮ. ಸ್ಟೇಪಲ್ ಪಿನ್ ಬೇಡವೇ ಬೇಡ, ಪಾತ್ರೆ ತೊಳೆಯುವ ಕೈಗೆ ಚುಚ್ಚುತ್ತದೆ. ಮಾದರಿ ಸಿದ್ಧವಾದ ಮೇಲೆ ಸೊಂಟದೆತ್ತರದಿಂದ ಬೇರೆ ಬೇರೆ ಮೂಲೆ ಕೆಳಗಾಗುವಂತೆ ಆರು ಸಲ ಬೀಳಿಸಿ. ಪಟ್ಟಿ ಜಾರಿದರೆ ಸೀಳಿನ ಅಳತೆ ಬದಲಿಸಿ.

ಬಾರ್‌ಕೋಡ್ ಕಂದು ಕಾಗದದ ಮೇಲೆ ನೇರವಾಗಿ ಬಂದರೆ ಬಿಲ್ಲಿಂಗ್ ಕೌಂಟರಿನಲ್ಲಿ ಓದದೆ ಹೋಗಬಹುದು. ಬಿಳಿ ಚೌಕದ ಮೇಲೆ ಕಪ್ಪು ಗೆರೆ ಇರಲಿ. ಕೆಂಪು, ಕಿತ್ತಳೆ, ಕಂದು ಶಾಯಿ ಬೇಡ, ಸ್ಕ್ಯಾನರಿನ ಕೆಂಪು ಬೆಳಕಿಗೆ ಅದು ಕಾಣುವುದಿಲ್ಲ. ಕಾಂಬೊಗೆ ಅದರದ್ದೇ ಹೊಸ ಸಂಖ್ಯೆ ಬೇಕು. ಒಳಗಿನ ವಸ್ತುವಿನ ಬಾರ್‌ಕೋಡ್ ಹೊರಗೆ ಕಂಡರೆ ಕ್ಯಾಷಿಯರ್ ಅದನ್ನೇ ಬಡಿದು ಬಿಡಿ ಬೆಲೆಗೆ ಇಡೀ ಪ್ಯಾಕು ಹೋಗುತ್ತದೆ.

ಪ್ಯಾಕ್ ಮಾಡಿದ ಸರಕಿನ ಮೇಲೆ ಏನೇನು ಬರೆಯಬೇಕೆಂದು ಹೇಳುವ 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳಿವೆ. ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ಪ್ರತಿ ವಸ್ತುವಿನ ಹೆಸರು ಮತ್ತು ಸಂಖ್ಯೆ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ ಇವಿಷ್ಟು ತಪ್ಪಬಾರದು. ಎಂಆರ್‌ಪಿ ಇಳಿಸಲು ಸ್ಟಿಕ್ಕರ್ ಅಂಟಿಸಬಹುದು, ಮೂಲ ಬೆಲೆ ಮುಚ್ಚಬಾರದು. ಏರಿಸಲು ಅಂಟಿಸುವಂತಿಲ್ಲ.

‘ಪರಿಸರ ಸ್ನೇಹಿ’ ಎಂದು ದೊಡ್ಡಕ್ಷರದಲ್ಲಿ ಬರೆದು ಬಿಡುವ ಕಾಲ ಮುಗಿದಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಇಂಥ ಮಾತಿಗೆ ವಿವರಣೆ ಮತ್ತು ಪುರಾವೆ ಎರಡೂ ಬೇಕು. ‘ಸ್ಕ್ರಬ್ಬರ್: ತೆಂಗಿನ ನಾರು, ಹತ್ತಿ ದಾರ. ಪಟ್ಟಿ: ಪ್ಲಾಸ್ಟಿಕ್ ಲೇಪನವಿಲ್ಲದ ಕಾಗದ’ ಎಂದು ಕನ್ನಡದಲ್ಲಿ ನೇರವಾಗಿ ಬರೆಯಿರಿ. ಕೊಳ್ಳುವವರಿಗೂ ಇದೇ ಹೆಚ್ಚು ತಿಳಿಯುತ್ತದೆ. ಬಿದಿರಿನ ಹಲ್ಲುಜ್ಜುವ ಬ್ರಷ್ ಸೇರಿಸುವವರು ಅದರ ಎಳೆ ನೈಲಾನ್ ಆಗಿದ್ದರೆ ಹಾಗೆಂದೇ ಹೇಳಬೇಕು.

ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಕೈಗಳನ್ನು ಎಣಿಸಿ. 20 ಮಳಿಗೆ, ತಲಾ 3 ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೆ 24 ಎಂದರೆ 1,440 ಕಾಂಬೊ. ಒಬ್ಬರು ಗಂಟೆಗೆ 40 ಕಟ್ಟಿದರೂ 36 ಗಂಟೆಯ ದುಡಿಮೆ. ನಾಲ್ಕು ಜನರ ಸ್ವಸಹಾಯ ಸಂಘಕ್ಕೆ ತಲಾ ಒಂಬತ್ತು ಗಂಟೆ, ಅಂದರೆ ಒಂದು ದಿನಕ್ಕಿಂತ ತುಸು ಹೆಚ್ಚು, ಒಣಗಿಸುವುದು ಬೇರೆ. ಮಾಲು ಮಳೆಗಾಲದಲ್ಲಿ ಹೋಗುವುದಾದರೆ 3 ಪದರದ ಪೆಟ್ಟಿಗೆ ತೇವಕ್ಕೆ ಕುಸಿಯುತ್ತದೆ, 5 ಪದರದ್ದು ಬಳಸಿ.

ಹಣದ ಮಾತನ್ನು ಬರಹದಲ್ಲೇ ಮುಗಿಸಿಕೊಳ್ಳಬೇಕು. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇರುವ ಸೂಕ್ಷ್ಮ, ಸಣ್ಣ ತಯಾರಕರಿಗೆ ಹಣ ಕೊಡುವ ಗಡುವು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಗಡುವು ಮೀರಿದ ಬಾಕಿಯನ್ನು ಕೊಂಡವರು ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಬಹುದು. ಇನ್‌ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ ಹಾಕಿ. ಮಾರಾಟವಾಗದೆ ವಾಪಸು ಬರುವ ಮಾಲಿಗೆ ಶೇಕಡಾವಾರು ಮಿತಿಯನ್ನು ಅದೇ ಪತ್ರದಲ್ಲಿ ಬರೆಸಿ. ವಾಪಸು ಬಂದ ಕಾಂಬೊದಲ್ಲಿ ಕೆಟ್ಟಿರುವುದು ಬಹುಪಾಲು ಪಟ್ಟಿ ಮಾತ್ರ. ಬಿಚ್ಚಿ, ಬಿಸಿಲಿಗೆ ಹಾಕಿ, ಹೊಸ ಪಟ್ಟಿ ಸಿಕ್ಕಿಸಿದರೆ ಮುಂದಿನ ಆರ್ಡರಿಗೆ ಸೇರುತ್ತದೆ.