ಎಫೆಸಸ್‌ಗೆ ಹೋದರೆ ಮೇಲಿನ ಗೇಟಿನಿಂದಲೇ ಇಳಿಯಿರಿ

ಟರ್ಕಿಯ ಪ್ರಾಚೀನ ಪಾಳುನಗರ ಎಫೆಸಸ್‌ನಲ್ಲಿ ನಾವು ಮಾಡಿದ ಮೊದಲ ಎಡವಟ್ಟು, ಕೆಳಗಿನ ಗೇಟಿನಿಂದ ಒಳಹೊಕ್ಕಿದ್ದು. ಜುಲೈ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ, ಜೊತೆಯಲ್ಲಿ ಅರವತ್ತೆಂಟರ ಅಮ್ಮ. ಹಳೇ ಊರು ಎರಡು ಗುಡ್ಡಗಳ ನಡುವಿನ ಇಳಿಜಾರಿನಲ್ಲಿದೆ. ಕೆಳಗಿನಿಂದ ಹೊರಟವರಿಗೆ ದಾರಿಯುದ್ದಕ್ಕೂ ಏರು. ನೆರಳು ಎಂಬುದು ಇಲ್ಲವೇ ಇಲ್ಲ. ನೆತ್ತಿಯ ಮೇಲೆ ಬಿಸಿಲು, ಕಾಲಡಿಯಿಂದ ಅಮೃತಶಿಲೆಯ ಝಳ. ಸುಸ್ತಾದ ಅಮ್ಮ ಒಂದು ಮುರಿದ ಕಂಬದ ಮೇಲೆ ಕೂತದ್ದೇ ತಡ, ಕಾವಲುಗಾರ ಸೀಟಿ ಊದಿದ. ಅಲ್ಲಿಂದಲೇ ವಾಪಸ್.

ಮರುದಿನ ಎಂಟು ಗಂಟೆಗೆ, ಗೇಟು ತೆರೆಯುವ ಹೊತ್ತಿಗೆ ಮೇಲಿನ ಬಾಗಿಲಲ್ಲಿದ್ದೆವು. ಮತ್ತೆ ಟಿಕೆಟ್! 2024ರಲ್ಲಿ ವಿದೇಶಿಯರಿಗೆ ತಲೆಗೆ 40 ಯೂರೋ. ಜೇಬು ಉರಿಯಿತು, ಆದರೆ ಊರು ಸರಿಯಾಗಿ ಕಂಡದ್ದು ಆವತ್ತೇ. ಕುಶಾದಸಿ ಬಂದರಿಗೆ ಬರುವ ಹಡಗುಗಳ ಪ್ರವಾಸಿಗರು ಬಸ್ಸುಗಳಲ್ಲಿ ಬಂದಿಳಿಯುವ ಮೊದಲೇ ಅರ್ಧ ಊರು ಸುತ್ತಿ ಮುಗಿಸಬಹುದು.

ಉಳಿದುಕೊಳ್ಳಲು ಪಕ್ಕದ ಸೆಲ್ಚುಕ್ ಪಟ್ಟಣವೇ ಸರಿ. ಇಜ್ಮಿರ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸು. ಪಟ್ಟಣದ ಬಸ್ ನಿಲ್ದಾಣದಿಂದ ಕೆಳಗಿನ ಗೇಟಿಗೆ ದೊಲ್ಮುಶ್ ಎಂಬ ಚಿಕ್ಕ ವ್ಯಾನುಗಳು ಓಡುತ್ತವೆ. ಮೇಲಿನ ಗೇಟಿಗೆ ಟ್ಯಾಕ್ಸಿ ಹಿಡಿಯಬೇಕು. ಹತ್ತುವ ಮೊದಲೇ ದರ ಮಾತಾಡಿ, 'ನೇರವಾಗಿ ಗೇಟಿಗೆ' ಎಂದು ಒತ್ತಿ ಹೇಳಿ. ನಮ್ಮ ಚಾಲಕ ದಾರಿಯಲ್ಲಿ ಒಂದು ಚರ್ಮದ ಅಂಗಡಿ ತೋರಿಸಿಯೇ ಮುಂದೆ ಹೋದ. ವೀಸಾ ವಿಚಾರ: ನಿಮ್ಮ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕ, ಬ್ರಿಟನ್ ಅಥವಾ ಶೆಂಗೆನ್ ವೀಸಾ ಇದ್ದರೆ ಟರ್ಕಿಯ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ವೀಸಾ ಕೇಂದ್ರಕ್ಕೆ ಅಲೆಯಬೇಕು. ಅದಕ್ಕೆ ವಾರಗಟ್ಟಲೆ ಸಮಯ ಇಟ್ಟುಕೊಳ್ಳಿ.

ಅಡಿ ಜಾರದ ಶೂ ಹಾಕಿಕೊಳ್ಳಿ. ಎರಡು ಸಾವಿರ ವರ್ಷ ತುಳಿದೂ ತುಳಿದೂ ಕ್ಯುರೇಟಿಸ್ ಬೀದಿಯ ಕಲ್ಲು ಎಣ್ಣೆ ಸವರಿದ ಹಾಗಾಗಿದೆ. ಆ ಬೀದಿ ಇಳಿದ ಕೊನೆಗೆ ಸೆಲ್ಸಸ್ ಗ್ರಂಥಾಲಯ ಎದುರಾಗುತ್ತದೆ. ರೋಮನ್ ಗವರ್ನರ್ ಆಗಿದ್ದ ಸೆಲ್ಸಸ್‌ನ ನೆನಪಿಗೆ ಮಗ ಅಕ್ವಿಲಾ ಎರಡನೇ ಶತಮಾನದಲ್ಲಿ ಕಟ್ಟಿಸಲು ಶುರುಮಾಡಿದ್ದು. ಓದುವವರ ಕಾಲಡಿಯಲ್ಲೇ, ನೆಲಮಾಳಿಗೆಯಲ್ಲಿ ಅಪ್ಪನ ಸಮಾಧಿ. ನೀವು ನೋಡುವ ಮುಂಭಾಗ ಬಿದ್ದುಹೋಗಿತ್ತು. 1970ರ ದಶಕದಲ್ಲಿ ಆಸ್ಟ್ರಿಯಾದ ತಜ್ಞರು ತುಂಡುಗಳನ್ನು ಹೊಂದಿಸಿ ಮತ್ತೆ ನಿಲ್ಲಿಸಿದರು. ಗೂಡುಗಳಲ್ಲಿರುವ ನಾಲ್ಕು ಹೆಂಗಸರ ಮೂರ್ತಿಗಳು ನಕಲು, ಅಸಲು ವಿಯೆನ್ನಾದಲ್ಲಿವೆ. ಅಸಲು ಊರಲ್ಲೇ ಇರಬೇಕಿತ್ತು ಅಂತ ನನಗನಿಸಿತು.

ಅಲ್ಲೇ ಪಕ್ಕದ ಅಮೃತಶಿಲೆ ಬೀದಿಯ ನೆಲದಲ್ಲಿ ಒಂದು ಪಾದ ಕೆತ್ತಿದ್ದಾರೆ. ಪಕ್ಕದಲ್ಲಿ ಒಬ್ಬ ಹೆಂಗಸಿನ ತಲೆ. ಅಮ್ಮ ಬಗ್ಗಿ ನೋಡಿ, "ಏನೋ ಇದು, ಲಕ್ಷ್ಮೀಪಾದ ಇದ್ದ ಹಾಗಿದೆಯಲ್ಲೋ?" ಎಂದರು. ಅದು ವೇಶ್ಯಾಗೃಹಕ್ಕೆ ದಾರಿ ತೋರಿಸುವ ಜಾಹೀರಾತು ಎಂದು ಪಕ್ಕದ ಗೈಡ್ ತನ್ನ ಗುಂಪಿಗೆ ವಿವರಿಸುತ್ತಿದ್ದ. ಆ ಕಥೆಗೆ ಪುರಾವೆ ಕಡಿಮೆ ಎಂಬ ನೆಪ ಸಿಕ್ಕಿ, ನಾನು ಅಮ್ಮನಿಗೆ ಅನುವಾದ ಮಾಡುವ ಕಷ್ಟದಿಂದ ಪಾರಾದೆ.

'ಟೆರೇಸ್ ಹೌಸ್' ಎನ್ನುವ ಶ್ರೀಮಂತರ ಮನೆಗಳಿಗೆ ಬೇರೆಯೇ ಟಿಕೆಟ್. ಬಹಳ ಜನ ಆ ಟಿಕೆಟ್ ನೋಡಿ, ಒಳಗೆ ಹೋಗದೆಯೇ ಮುಂದೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಬೇರೆಲ್ಲಾದರೂ ಉಳಿಸಿ, ಇಲ್ಲಿ ಖರ್ಚು ಮಾಡಿ. ಮೇಲೆ ಚಾವಣಿ ಇದೆ, ನೆರಳು ಸಿಗುತ್ತದೆ. ಗಾಜಿನ ಮೆಟ್ಟಿಲ ಮೇಲೆ ನಡೆಯುತ್ತಾ ಕೆಳಗೆ ನೋಡಿದರೆ ಗೋಡೆಯ ಬಣ್ಣದ ಚಿತ್ರ, ನೆಲದ ಮೊಸಾಯಿಕ್, ಗೋಡೆ ಮೇಲೆ ಯಾರೋ ಗೀಚಿಟ್ಟ ಖರ್ಚಿನ ಲೆಕ್ಕ. ಹೊರಗೆ ಕಂಬ, ಕಮಾನು ನೋಡುವಾಗ ಸಿಗದ ಸಂಸಾರದ ವಾಸನೆ ಇಲ್ಲಿ ಸಿಗುತ್ತದೆ. ಮನೆಗಳಲ್ಲಿ ಮೆಟ್ಟಿಲು ಜಾಸ್ತಿ, ಮಂಡಿನೋವಿನವರು ಯೋಚಿಸಿ.

ಕೊನೆಗೆ ಸುಮಾರು 25,000 ಜನ ಕೂರುತ್ತಿದ್ದ ರಂಗಮಂದಿರ. ಮೇಲಿನ ಸಾಲಿಗೆ ಹತ್ತಲು ಬಿಟ್ಟರೆ ಹತ್ತಿ. ಅಲ್ಲಿಂದ ನೆಟ್ಟಗೆ ಒಂದು ಕಂಬಸಾಲಿನ ಬೀದಿ ಹೋಗಿ ಜೌಗು ಹುಲ್ಲಿನಲ್ಲಿ ನಿಂತುಬಿಡುತ್ತದೆ. ಅಲ್ಲಿತ್ತು ಬಂದರು. ನದಿ ಹೊತ್ತು ತಂದ ಹೂಳು ತುಂಬಿ ತುಂಬಿ ಸಮುದ್ರ ಹಿಂದೆ ಸರಿಯಿತು. ಈಗ ಅದು ಹಲವು ಕಿಲೋಮೀಟರ್ ಆಚೆ. ಬಂದರು ಹೋದ ಮೇಲೆ ಊರಿಗೇನು ಕೆಲಸ?

ಊಟದ ಬಗ್ಗೆ: ಸಸ್ಯಾಹಾರಿಗಳು 'ಎಟ್‌ಸಿಜ಼್' (ಮಾಂಸ ಇಲ್ಲದ್ದು) ಎಂಬ ಒಂದು ಪದ ಕಲಿತುಕೊಂಡರೆ ಸಾಕು. ಗೊಜ಼್ಲೆಮೆ ಎಂಬ ತೆಳು ರೊಟ್ಟಿಯೊಳಗೆ ಪಾಲಕ್, ಚೀಸ್ ಹಾಕಿ ಸುಟ್ಟು ಕೊಡುತ್ತಾರೆ. ಜೊತೆಗೆ ಐರಾನ್ ತಗೊಳ್ಳಿ. ಅದು ಉಪ್ಪು ಹಾಕಿದ ಮಜ್ಜಿಗೆಯೇ. ಒಗ್ಗರಣೆ ಇಲ್ಲ ಅನ್ನುವುದೊಂದೇ ಅಮ್ಮನ ತಕರಾರು. ಬೇಳೆ ಸೂಪನ್ನು ಕೆಲವೆಡೆ ಮಾಂಸದ ರಸದಲ್ಲಿ ಕುದಿಸುತ್ತಾರೆ, ಕೇಳಿ ಕುಡಿಯಿರಿ.

ಮಧ್ಯಾಹ್ನದ ಬಿಸಿಲಿಗೆ ಸೆಲ್ಚುಕ್ ಮ್ಯೂಸಿಯಂ ಹೊಂದುತ್ತದೆ. ಆರ್ಟೆಮಿಸ್ ದೇವಿಯ ಮೂರ್ತಿಗಳಿರುವುದು ಇಲ್ಲಿ. ಸಂಜೆ ಆಕೆಯ ಗುಡಿಯ ಜಾಗಕ್ಕೆ ನಡೆದೇ ಹೋಗಬಹುದು, ಟಿಕೆಟ್ ಇಲ್ಲ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಆ ಗುಡಿಯಲ್ಲಿ ಈಗ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಒಂದು ಕಂಬ, ಅದರ ತುದಿಯಲ್ಲಿ ಕೊಕ್ಕರೆಯ ಗೂಡು. ಅಲ್ಲೇ ಒಬ್ಬ ಜೇಬಿನಿಂದ ನಾಣ್ಯ ತೆಗೆದು "ಅಲೆಕ್ಸಾಂಡರ್, ಅಲೆಕ್ಸಾಂಡರ್" ಎಂದು ಪಿಸುಗುಟ್ಟಿದ. ಇಂಥದ್ದನ್ನು ಕೊಳ್ಳಬೇಡಿ. ನಕಲಿಯಾದರೆ ದುಡ್ಡು ದಂಡ, ಅಸಲಿಯಾದರೆ ದೇಶದಿಂದ ಹೊರಗೆ ಒಯ್ಯುವುದೇ ಅಪರಾಧ. ನಾನು ತಲೆಯಾಡಿಸಿ ಮುಂದೆ ಹೋಗಿ ತಿರುಗಿ ನೋಡಿದರೆ, ಅಮ್ಮ ಕನ್ನಡದಲ್ಲೇ ಚೌಕಾಸಿಗೆ ಇಳಿದಿದ್ದರು: "ಐದು ಲಿರಾಕ್ಕೆ ಕೊಡ್ತೀಯೇನಪ್ಪಾ?"